ಬಲಗೆನ್ನೆ

೩-೨-೧೯೫೮, ಸೋಮವಾರ

ಬೆಳಗ್ಗೆಯಿಂದ ಮೂರು ಮುಖ ಮುಗಿಸಿದೆ. ಒಬ್ಬಳು ಮದುವೆ ಹುಡುಗಿ, ಒಬ್ಬ ಮದುವೆ ಗಂಡು, ಒಬ್ಬರು ತೀರಿಹೋದ ಮುದುಕರು. ಮುದುಕರದೇ ಸುಲಭ. ಸುಕ್ಕು ಹಾಗೇ ಇರಲಿ ಎಂದಿದ್ದಾರೆ ಮನೆಯವರು. ಹುಡುಗಿಗೆ ಒಂದೂವರೆ ಗಂಟೆ ಹಿಡಿಯಿತು.

ಕಣ್ಣು ಉರಿ. ಕಿಟಕಿ ಪಕ್ಕ ಡೆಸ್ಕು, ಡೆಸ್ಕಿನ ಕಿಂಡಿಯಲ್ಲಿ ಗಾಜಿನ ನೆಗೆಟಿವ್, ಕೆಳಗೆ ಬೆಳಕು ಹಾಯಿಸಲು ಒಂದು ಕನ್ನಡಿ. ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಲ್ಲಿ ಮುಖದ ಕಲೆಗಳ ಮೇಲೆ ಚುಕ್ಕೆ ಇಡುತ್ತಾ ಹೋಗಬೇಕು. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು — ಕಪ್ಪು ಬೆಳ್ಳಗೆ, ಬಿಳುಪು ಕಪ್ಪಗೆ. ಅಲ್ಲಿ ಪೆನ್ಸಿಲ್ ತಾಗಿದಷ್ಟೂ ಇಲ್ಲಿ ಕಾಗದದ ಮೇಲೆ ಮುಖ ಬೆಳಗುತ್ತದೆ. ಚಿಂತಾಮಣಿ ತಾಲ್ಲೂಕಿನ ಅರ್ಧ ಮದುವೆ ಹೆಣ್ಣುಗಳನ್ನು ಬೆಳ್ಳಗೆ ಮಾಡಿದವಳು ನಾನು. ಹೆಸರು ಅಣ್ಣನದು. ಸ್ಟುಡಿಯೋ ಬೋರ್ಡಿನ ಮೇಲೆ 'ಚನ್ನಕೇಶವ' ಅಂತ ತಾನೇ ಇರುವುದು.

ಡ್ರೆಸಿಂಗ್ ರೂಮಿನ ಕನ್ನಡಿ ಸುತ್ತ ಅಣ್ಣ ವಾರಪತ್ರಿಕೆಗಳ ಮುಖಪುಟ ಅಂಟಿಸಿದ್ದಾನೆ. ಎಲ್ಲ ಸಿನಿಮಾದವರು. ದುಂಡು ಮುಖ, ದುಂಡು ಭುಜ, ಕೆನ್ನೆಯಲ್ಲಿ ಒಂದು ಸಾಸಿವೆಯಷ್ಟು ಕಲೆ ಇಲ್ಲ. ಬಂದ ಹುಡುಗಿ ಮೊದಲು ಅವರನ್ನು ನೋಡುತ್ತಾಳೆ, ಆಮೇಲೆ ಕನ್ನಡಿಯಲ್ಲಿ ತನ್ನನ್ನು. ಬೆನ್ನು ಸ್ವಲ್ಪ ಬಗ್ಗುತ್ತದೆ. ಆಮೇಲೆ ಅಣ್ಣನ ಹತ್ತಿರ, "ಇವರ ಥರ ಬರ್ಬೇಕು ಸಾರ್."

ಬರುತ್ತಾಳೆ. ನಾನಿದ್ದೇನಲ್ಲ.

೬-೨-೧೯೫೮

ಡ್ರೆಸಿಂಗ್ ರೂಮಿನ ಕನ್ನಡಿ ನನಗೂ ಎದುರಿಗೇ ಇದೆ. ತಪ್ಪಿಸಿಕೊಂಡು ಓಡಾಡುವುದು ಅಭ್ಯಾಸ. ಏಳನೇ ವಯಸ್ಸಿಗೆ ಸಿಡುಬು. ಬದುಕಿದ್ದೇ ಹೆಚ್ಚು ಎಂದರಂತೆ ಎಲ್ಲರೂ. ಎಡಗೆನ್ನೆಯಲ್ಲಿ ಹನ್ನೊಂದು ಗುಳಿ, ಬಲಗೆನ್ನೆಯಲ್ಲಿ ಎಣಿಕೆ ಇಲ್ಲ. ಬಣ್ಣ ಅಪ್ಪನದು. ಮೈ... ಮೈ ಎಂದು ಹೇಳುವಷ್ಟು ಇದ್ದರಲ್ಲವೇ.

ಇಪ್ಪತ್ತಮೂರು ತುಂಬಿತು. ಅತ್ತಿಗೆ ಪತ್ರಿಕೆಯ ಜಾಹೀರಾತು ನೋಡಿ ಟಾನಿಕ್ ತರಿಸಿಕೊಟ್ಟಿದ್ದಾಳೆ. 'ಒಣಗಿದ ಮೈ ತುಂಬಿಕೊಳ್ಳುತ್ತದೆ, ಮೂರೇ ವಾರ.' ಪಕ್ಕದಲ್ಲಿ ಎರಡು ಹೆಂಗಸರ ಚಿತ್ರ — ಮೊದಲು, ಆಮೇಲೆ. ಮೊದಲಿನವಳು ನನಗಿಂತ ಚೆನ್ನಾಗಿದ್ದಾಳೆ.

ಎರಡು ಬಾಟಲು ಮುಗಿಯಿತು. ಬಾಯೆಲ್ಲ ಕಹಿ. ರವಿಕೆ ಅಷ್ಟೇ ಸಡಿಲ.

೨೦-೨-೧೯೫೮

ಗೌರಿಬಿದನೂರಿನಿಂದ ಸಂಬಂಧ ಬಂದಿದೆ. ಮಿಡ್ಲ್ ಸ್ಕೂಲು ಮೇಷ್ಟ್ರು, ವೆಂಕಟರವಣಪ್ಪ ಅಂತ. ಜಮೀನೂ ಇದೆಯಂತೆ. ಮೊದಲು ಹುಡುಗಿಯ ಫೋಟೋ ಕಳಿಸಿ ಎಂದಿದ್ದಾರೆ. ಒಪ್ಪಿಗೆಯಾದರೆ ನೋಡಲು ಬರುತ್ತಾರೆ.

ಅಮ್ಮ ಕುಣಿಯುವುದೊಂದು ಬಾಕಿ. "ನಮ್ಮ ಕೈಲೇ ಸ್ಟುಡಿಯೋ ಐತೆ ಕಣೇ ಅಮ್ಮಾಜಿ. ಇನ್ನೇನು ಬೇಕು" ಎಂದಳು.

೨೨-೨-೧೯೫೮, ಶನಿವಾರ

ಅತ್ತಿಗೆಯ ಧಾರೆ ಸೀರೆ ಉಡಿಸಿದರು. ಭುಜಕ್ಕೆ ಒಳಗಿನಿಂದ ಹತ್ತಿ ಬಟ್ಟೆ ಮಡಿಸಿ ಇಟ್ಟಳು ಅತ್ತಿಗೆ. ಪೌಡರು ಮೂರು ಸಲ. ಅಣ್ಣ ಕರಿ ಬಟ್ಟೆಯೊಳಗೆ ತಲೆ ತೂರಿಸಿ, "ಎಡಗೆನ್ನೆ ಸ್ವಲ್ಪ ಈ ಕಡೆ ತಿರುಗಿಸಮ್ಮ. ಬಲಗಡೆ ಬೇಡ" ಎಂದ. ಗೊತ್ತು. ನಾನೇ ಬೇರೆಯವರಿಗೆ ಹೇಳುವ ಮಾತು ಅದು. ಆದರೂ ಚುಚ್ಚಿತು. ಎಷ್ಟು ತಿರುಗಿದರೂ ಬಲಗೆನ್ನೆ ಅರ್ಧ ಬರುತ್ತದೆ.

೨೪-೨-೧೯೫೮, ಮಧ್ಯಾಹ್ನ

ನನ್ನ ನೆಗೆಟಿವ್ ಡೆಸ್ಕಿನ ಮೇಲಿದೆ. ಬೆಳಕಿಗೆ ಹಿಡಿದರೆ ಎಷ್ಟು ಬೆಳ್ಳಗಿದ್ದೇನೆ! ಕೂದಲು ಬೆಳ್ಳಗೆ, ಹಲ್ಲು ಕರ್ರಗೆ. ಮುದುಕಿ. ನಗು ಬಂತು. ಇಷ್ಟು ಹೊತ್ತು ನನ್ನ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎಡಗೆನ್ನೆ ಮುಗಿಯಿತು. ಹಣೆ, ಗದ್ದ ಮುಗಿಯಿತು. ಮೂಗಿನ ಪಕ್ಕದ ಎರಡು ಗುಳಿ ಮುಚ್ಚಿದೆ. ಬಲಗೆನ್ನೆಯಲ್ಲಿ ಒಂದನ್ನು ಬಿಡೋಣ ಎನ್ನಿಸುತ್ತಿದೆ, ಕಣ್ಣಿನ ಕೆಳಗಿನ ದೊಡ್ಡದನ್ನು. ಅವರು ಬಂದಾಗ ಗುರುತು ಹಿಡಿಯಲು ಏನಾದರೂ ಇರಬೇಕಲ್ಲ. ಅದನ್ನು ನೋಡಿಯೂ ಒಪ್ಪಿದರೆ ನನ್ನನ್ನು ಒಪ್ಪಿದ ಹಾಗೆ.

ಸಂಜೆ ೫

ಬಿಟ್ಟಿದ್ದೆ. ಪ್ರಿಂಟು ನೋಡಿ ಅಣ್ಣ ಕನ್ನಡಿಯ ಸುತ್ತಲಿನ ಮುಖಪುಟವೊಂದನ್ನು ಕಿತ್ತು ತಂದು ಪಕ್ಕದಲ್ಲಿ ಇಟ್ಟ. ಇಟ್ಟು ಹೋದ.

ಆ ಹೆಂಗಸು ನನ್ನನ್ನು ನೋಡಿ ನಗುತ್ತಿದ್ದಳು. ನಾನು ಪೆನ್ಸಿಲ್ ತೆಗೆದುಕೊಂಡೆ. ದೊಡ್ಡ ಗುಳಿ ಹೋಯಿತು. ನಿಲ್ಲಿಸಲಾಗಲಿಲ್ಲ. ಚಾಕುವಿನಲ್ಲಿ ಹುಬ್ಬು ಕೆರೆದು ತಿದ್ದಿದೆ. ಕೊರಳ ಎಲುಬು ಮುಚ್ಚಿದೆ. ಕೆನ್ನೆಗೆ ದುಂಡು ಕೊಟ್ಟೆ. ಹೊಸ ಪ್ರಿಂಟು ನೀರಿನಿಂದ ಎದ್ದು ಬಂತು. ಚೆಂದ ಇದ್ದಳು. ನನಗೆ ಅವಳ ಮೇಲೆ ಆಸೆಯಾಯಿತು, ಅವಳಾಗಬೇಕು ಅನ್ನುವ ಆಸೆ.

೧೫-೩-೧೯೫೮

ಒಪ್ಪಿದ್ದಾರೆ! ಹುಡುಗ ಫೋಟೋವನ್ನು ತಾಯಿಗೂ ಕೊಡದೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನಂತೆ. ೩೦ಕ್ಕೆ ಬರುತ್ತಾರೆ.

ನಿದ್ದೆ ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ದಿನಾ ಎರಡು ಸಲ ಮುಖಕ್ಕೆ ಸ್ನೋ ಹಚ್ಚುತ್ತಿದ್ದೇನೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಹದಿನೈದು ದಿನಕ್ಕೆ ಮುಖ ಬೆಳಗುತ್ತದೆ ಎಂದಿದೆ. ಸರಿಯಾಗಿ ಹದಿನೈದು ದಿನ ಇದೆ.

ಅಷ್ಟು ದೂರದಿಂದ ಬಂದವರು ಕೆನ್ನೆ ಒಂದನ್ನೇ ನೋಡುತ್ತಾರೆಯೇ. ಮಾತಾಡಿಸುತ್ತಾರೆ. ಓದು ಕೇಳುತ್ತಾರೆ. ಮೇಷ್ಟ್ರಲ್ಲವೇ.

೩೦-೩-೧೯೫೮, ಭಾನುವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ಹೊಟ್ಟೆಯಲ್ಲೇ ಇರುತ್ತದೆ.

ಹನ್ನೊಂದರ ಬಸ್ಸಿಗೆ ಬಂದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಬಂದು ಸುಸ್ತಾಗಿದ್ದರು. ಹುಡುಗ, ತಂದೆ, ತಾಯಿ. ನಾನು ತಟ್ಟೆ ಹಿಡಿದುಕೊಂಡು ಬಂದು ನಮಸ್ಕಾರ ಮಾಡಿ ಚಾಪೆಯ ಮೇಲೆ ಕುಳಿತೆ.

"ಎಷ್ಟು ಜನ ಹೆಣ್ಮಕ್ಳು ನಿಮ್ಗೆ?" ಎಂದರು ಹುಡುಗನ ತಾಯಿ.

"ಇವಳೊಬ್ಳೇ ತಾಯಿ" ಎಂದಳು ಅಮ್ಮ.

ಆಕೆ ಗಂಡನ ಕಡೆ ತಿರುಗಿ ತೆಲುಗಿನಲ್ಲಿ, "ಈ ಪಿಲ್ಲ ಆ ಪಿಲ್ಲ ಕಾದು" ಎಂದರು. ಈ ಹುಡುಗಿ ಆ ಹುಡುಗಿಯಲ್ಲ ಅಂತ. ಚಿಂತಾಮಣಿಯಲ್ಲಿ ತೆಲುಗು ಬಾರದವರು ಯಾರಿದ್ದಾರೆ. ನಮಗೆ ತಿಳಿಯಲಿ ಅಂತಲೇ ಹೇಳಿದರೇನೋ.

ಆಮೇಲೆ ಕನ್ನಡದಲ್ಲಿ, "ಚಿಕ್ಕವಳನ್ನ ಕರೀರಮ್ಮ. ಫೋಟೋ ಅವಳ್ದು ಕಳ್ಸಿ ದೊಡ್ಡವಳನ್ನ ಕೂರ್ಸಿದ್ರೆ ಹೆಂಗೆ? ದೊಡ್ಡವಳ್ದು ಮೊದ್ಲು ಆಗ್ಬೇಕು, ನಿಜ. ಹಂಗಂತ ಮೋಸ ಮಾಡ್ಬಾರ್ದು."

"ಫೋಟೋದಲ್ಲಿರೋದು ಇವಳೇ" ಎಂದ ಅಣ್ಣ. "ಲೈಟಿಂಗಲ್ಲಿ... ಸ್ವಲ್ಪ ವ್ಯತ್ಯಾಸ ಬರ್ತದೆ."

ಹುಡುಗ ಜೇಬಿನಿಂದ ಫೋಟೋ ತೆಗೆದ. ಅದನ್ನು ನೋಡಿದ. ನನ್ನನ್ನು ನೋಡಲಿಲ್ಲ. ಒಳಬಾಗಿಲ ಕಡೆ ನೋಡಿದ — ಅವಳು ಅಲ್ಲಿಂದ ಬರುತ್ತಾಳೆ ಎಂದು. ಅಷ್ಟು ನಂಬಿಕೆಯಿಂದ ನೋಡುತ್ತಿದ್ದನಲ್ಲ, ನಾನೂ ತಿರುಗಿ ಬಾಗಿಲ ಕಡೆ ನೋಡಿದೆ.

ಆ ಒಂದು ಗುಳಿ ಬಿಟ್ಟಿದ್ದರೆ ಸಾಕಿತ್ತು. ನೋಡಿ, ಇದೇ ಅದು ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ತೋರಿಸಲು ಏನನ್ನೂ ಉಳಿಸಿಕೊಂಡಿರಲಿಲ್ಲ.

ಕಾಫಿ ಮುಟ್ಟದೆ ಎದ್ದರು.

೮-೪-೧೯೫೮

ಫೋಟೋ ಕವರಿನಲ್ಲಿ ವಾಪಸು ಬಂತು. ಚೀಟಿ ಇಲ್ಲ. ಮೂಲೆಯೊಂದು ಸವೆದಿದೆ, ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದಕ್ಕೆ. ಅಷ್ಟು ದಿನ ಅವನ ಎದೆಯ ಮೇಲಿದ್ದು ಬಂದಿದ್ದಾಳೆ ಇವಳು. ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಾಗುವಷ್ಟು ಹೊಟ್ಟೆಕಿಚ್ಚು.

೧೭-೬-೧೯೫೮

ಎರಡು ತಿಂಗಳು ಏನೂ ಬರೆದಿಲ್ಲ. ಏನಿತ್ತು ಬರೆಯಲು? ಮುಖಗಳು.

ಇವತ್ತು ಅಣ್ಣ ಆ ಫೋಟೋವನ್ನು ದೊಡ್ಡದು ಮಾಡಿ ಬೀದಿಗೆ ಕಾಣುವ ಶೋಕೇಸಿನಲ್ಲಿ ಇಟ್ಟ. ಮದುವೆಯಾಗದ ಹುಡುಗಿಯ ಫೋಟೋ ಬೀದಿಯಲ್ಲಿ ಇಡುತ್ತಾರೇನೋ ಎಂದು ಅಮ್ಮ ಗಲಾಟೆ ಮಾಡಿದಳು.

"ಯಾರಿಗೂ ಗುರ್ತು ಸಿಗಲ್ಲ ಬಿಡಮ್ಮ" ಎಂದ ಅಣ್ಣ. ಕೆಟ್ಟದ್ದಕ್ಕೆ ಹೇಳಲಿಲ್ಲ. ಸಮಾಧಾನಕ್ಕೇ ಹೇಳಿದ.

ನಿಜವೂ ಹೌದು. ಸಂಜೆ ನಾನೇ ಹೋಗಿ ಶೋಕೇಸಿನ ಪಕ್ಕ ಅರ್ಧ ಗಂಟೆ ನಿಂತಿದ್ದೆ. ಪರೀಕ್ಷೆ. ಎದುರು ಮನೆಯ ರಾಮಲಕ್ಷ್ಮಮ್ಮನವರು ನನ್ನನ್ನು ಹುಟ್ಟಿದಾಗಿನಿಂದ ಕಂಡವರು. ಬಂದು ನೋಡಿ, "ಯಾರೇ ಅಮ್ಮಾಜಿ ಈ ಹುಡ್ಗಿ, ಗೊಂಬೆ ಇದ್ದಂಗವ್ಳೆ" ಎಂದು ನನ್ನನ್ನೇ ಕೇಳಿದರು.

ಗೊತ್ತಿಲ್ಲ ಅಂದೆ.

೨-೯-೧೯೫೮

ಶಿಡ್ಲಘಟ್ಟದ ತಾಜ್ ಪಾಷಾ ಸಾಹೇಬರು ಬಂದಿದ್ದರು. ರೇಷ್ಮೆ ಸೀರೆ ಅಂಗಡಿ ಅವರದು. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕೊಡಲು ಕ್ಯಾಲೆಂಡರ್ ಮಾಡಿಸುತ್ತಾರಂತೆ. ಶೋಕೇಸಿನ ಮುಂದೆಯೇ ನಿಂತುಬಿಟ್ಟರಂತೆ.

"ಚನ್ನಕೇಶವ್ರೇ, ಈ ಹುಡ್ಗಿ ಯಾರು? ಮದ್ರಾಸ್ ಕಡೆಯವ್ರಾ? ಇವ್ರ್ ಫೋಟೋ ನಮ್ಗೆ ಬೇಕಲ್ಲ."

ಅಣ್ಣ ಶೋಕೇಸಿನ ಕಡೆ ನೋಡಿದ. "ನಮ್ಮ ದೂರದ ಸಂಬಂಧ ಸಾಹೇಬ್ರೇ" ಎಂದ.

ಅಷ್ಟರಲ್ಲಿ ನಾನು ಟೀ ತಂದೆ. ಒಳ್ಳೆಯ ಮನುಷ್ಯ. ಎದ್ದು ನಿಂತು ಲೋಟ ತೆಗೆದುಕೊಂಡರು. "ನಿಮ್ಮ ಕೈ ಕೆಲ್ಸ ಬಹಳ ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರಮ್ಮ" ಎಂದರು. ಅವರ ಬೆನ್ನಿಗೇ ಶೋಕೇಸು. ಮುಂದೆ ನಾನು.

ಅವರು ಹೋದ ಮೇಲೆ ಅಣ್ಣ, "ನಿನ್ಗೆ ಇಷ್ಟ ಇಲ್ದೇ ಇದ್ರೆ ಬೇಡ ಕಣಮ್ಮ" ಎಂದ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಕೊಡು ಎಂದೆ. ಆ ಮುಖಪುಟದವರ ಜೊತೆ ನಾನೂ ಒಂದು ಗೋಡೆಯ ಮೇಲೆ ಇರುತ್ತೇನೆ ಅನ್ನುವ ಆಸೆ. ಯಾರ ಮುಖವಾದರೇನು ಎನ್ನುವ ಮೊಂಡು ಬೇರೆ.

೧-೧-೧೯೫೯, ಗುರುವಾರ

ಕ್ಯಾಲೆಂಡರ್ ಬಂತು. ಬೆಂಗಳೂರಿನ ಪ್ರೆಸ್ಸಿನ ಪೇಂಟರು ನನಗಿಂತ ಒಂದು ಕೈ ಮೇಲು. ಮೈಗೆಲ್ಲ ಗುಲಾಬಿ ಬಣ್ಣ. ಭುಜ, ಎದೆ ತುಂಬಿಸಿದ್ದಾನೆ. ಸೊಂಟಕ್ಕೆ ಬಳುಕು ಕೊಟ್ಟಿದ್ದಾನೆ. ಕಣ್ಣನ್ನು ಇಷ್ಟಗಲ ಮಾಡಿದ್ದಾನೆ. ಅತ್ತಿಗೆಯ ಸೀರೆ ಹೋಗಿ ಸಾಹೇಬರ ಅಂಗಡಿಯ ಹಸಿರು ಸೀರೆ ಬಂದಿದೆ. ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಕಿವಿ ಮಾತ್ರ ನನ್ನದು.

ಅಮ್ಮನಿಗೆ ಒಂದು ಕೊಟ್ಟ ಅಣ್ಣ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಬಲಗೆನ್ನೆ ಸವರಿದಳು. "ಆ ಕಾಯಿಲೆ ಬರದೇ ಇದ್ದಿದ್ರೆ ನನ್ ಮಗು ಹಿಂಗೇ ಇರ್ತಿತ್ತು ಕಣೇ" ಎಂದು ನನಗೇ ಹೇಳಿ ಅತ್ತಳು.

ತನ್ನ ಮಂಚದ ಎದುರಿನ ಗೋಡೆಗೆ ಹಾಕಿಸಿಕೊಂಡಿದ್ದಾಳೆ. ಬೆಳಗ್ಗೆ ಎದ್ದು ಮೊದಲು ಅದನ್ನು ನೋಡುತ್ತಾಳೆ. ನಾನು ಕಾಫಿ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.

೨೨-೧-೧೯೫೯

ಊಟ ಸೇರುತ್ತಿಲ್ಲ. ಯಾರಿಗೆ ಅಂತ ಮೈ ತುಂಬಿಸುವುದು. ಎರಡು ಸಂಬಂಧ ಬಂದು ಹೋದವು. ಬರೆಯುವಂಥದ್ದೇನೂ ಇಲ್ಲ. ಈಗ ಫೋಟೋ ಕಳಿಸುವುದಿಲ್ಲ. ನೇರ ಬರುತ್ತಾರೆ, ನೇರ ಹೋಗುತ್ತಾರೆ. ಎರಡನೆಯವರು ಅಮ್ಮನ ಗೋಡೆಯ ಕ್ಯಾಲೆಂಡರ್ ನೋಡಿ, ಈ ಸೀರೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

೯-೨-೧೯೫೯, ಸೋಮವಾರ

ದಿಬ್ಬೂರಹಳ್ಳಿಯಿಂದ ಅಪ್ಪ ಮಗಳು ಬಂದಿದ್ದರು, ಗಂಡಿನ ಕಡೆಗೆ ಕಳಿಸಲು ಫೋಟೋ ತೆಗೆಸುವುದಕ್ಕೆ. ಮುನಿಶಾಮಪ್ಪ ಅಂತ ಆತ. ಹಿಪ್ಪುನೇರಳೆ ತೋಟ, ಮನೆಯಲ್ಲೇ ನೂಲು ತೆಗೆಯುತ್ತಾರೆ. ಮಗಳು ಗಂಗುಲಮ್ಮ, ಹದಿನೇಳು. ಗಟ್ಟಿ ಕೈ, ಕಪ್ಪು ಬಣ್ಣ, ನಕ್ಕರೆ ಮುಖವೆಲ್ಲ ಹಲ್ಲು. ಬಲಗೆನ್ನೆಯಲ್ಲಿ ಸುಟ್ಟ ಕಲೆ. ರೇಷ್ಮೆ ಗೂಡು ಬೇಯಿಸುವ ಬಿಸಿನೀರು ಹಾರಿದ್ದಂತೆ. ಹುಣಸೆ ಎಲೆಯಷ್ಟೇ ಇದೆ.

"ನಮ್ ಮಗು ಹೆಂಗೈತೋ ಹಂಗೇ ಇರ್ಲಿ ತಾಯಿ. ಆ ಕಲೆ ತೆಗೀಬ್ಯಾಡ. ನಾಳೆ ಮನೇಗ್ ಕರ್ಕೊಂಡೋದ್ ಮ್ಯಾಲೆ ಕಾಣ್ದೇ ಇರ್ತದಾ?" ಎಂದ ಆತ.

ಎದ್ದು ಕಾಲಿಗೆ ಬೀಳೋಣ ಅನ್ನಿಸಿತು. ನನ್ನ ಡೆಸ್ಕಿನ ಹತ್ತಿರ ಇಷ್ಟು ವರ್ಷದಲ್ಲಿ ಮದುವೆ ಹುಡುಗಿಯ ವಿಷಯಕ್ಕೆ ಈ ಮಾತು ಆಡಿದವನು ಆತ ಒಬ್ಬನೇ.

ಆತ ಬೀಡಿ ಸೇದಲು ಹೊರಗೆ ಹೋದ. ಹುಡುಗಿ ರವಿಕೆಯೊಳಗಿನಿಂದ ಮಡಿಸಿದ ಕಾಗದ ತೆಗೆದಳು. ಕ್ಯಾಲೆಂಡರಿನ ತಿಂಗಳಿನ ಭಾಗ ಹರಿದು ಚಿತ್ರವನ್ನಷ್ಟೇ ಇಟ್ಟುಕೊಂಡಿದ್ದಾಳೆ. ಹಸಿರು ಸೀರೆ. ಮಡಿಕೆಯ ಗೆರೆ ಸರಿಯಾಗಿ ಬಲಗೆನ್ನೆಯ ಮೇಲೆ ಹಾದಿತ್ತು.

"ಅಕ್ಕ, ಅಪ್ಪನ ಮಾತು ಕೇಳ್ಬೇಡ್ರಿ. ಇವ್ರ್ ಥರ ಮಾಡ್ಕೊಡ್ರಿ. ದಿನಾ ಗೂಡಿನ ಮೂಟೆ ಹಿಂದೆ ಕೂತು ಇವ್ರನ್ನೇ ನೋಡ್ತೀನಿ. ನಾನು ಯಾಕಾದ್ರೂ ಹಿಂಗೆ ಹುಟ್ಟಿದ್ನೋ."

ಕಾಗದ ಮಡಿಸಿ ಅವಳ ಕೈಗೆ ಕೊಟ್ಟೆ. ನೋಡೋಣ ಅಂದೆ.

೧೨-೨-೧೯೫೯, ಗುರುವಾರ

ಹುಡುಗಿಯ ತಂದೆ ಹೇಳಿದ ಹಾಗೇ ಬಿಟ್ಟು, ಮೊದಲು ತೋರಿಸಲು ಒಂದು ಪ್ರೂಫ್ ಪ್ರಿಂಟು ತೆಗೆದಿದ್ದೆ. ಒಂದು ಚುಕ್ಕೆ ಇಡಲಿಲ್ಲ. ಒಳ್ಳೆಯ ಫೋಟೋ. ಹುಡುಗಿ ಹುಡುಗಿಯ ಹಾಗೇ ಇದ್ದಳು. ಅವಳ ಫೋಟೋ ನೋಡಿ ಒಪ್ಪಿದವನು ಅವಳನ್ನೇ ಒಪ್ಪಿರುತ್ತಾನೆ. ಇದೊಂದಾದರೂ ಸರಿಯಾಗಿ ಮಾಡಿದೆ ಎಂದು ಬೆಳಗ್ಗೆ ಇಡ್ಲಿ ಎರಡು ಹೆಚ್ಚು ತಿಂದೆ.

ಪ್ರೂಫ್ ನೋಡಿದ್ದೇ ಗಂಗುಲಮ್ಮ ಅಳಲು ಶುರು ಮಾಡಿದಳು. ಜೋರಾಗಿ ಅಲ್ಲ. ಸೆರಗನ್ನು ಕಲೆಯ ಮೇಲೆ ಒತ್ತಿಕೊಂಡು. "ಇಷ್ಟ್ ಕೆಟ್ಟದಾಗಿದೀನಾ ಅಕ್ಕ?"

ಅವಳಪ್ಪ ಸಂತೆಗೆ ಹೋಗಿದ್ದ. ಬಾಗಿಲು ಹಾಕಿ ಅವಳನ್ನು ಕೂರಿಸಿದೆ. ಎಲ್ಲ ಹೇಳಿದೆ. ಗೌರಿಬಿದನೂರಿನವರು ಬಂದದ್ದು, ಹೋದದ್ದು, ಅವನು ಬಾಗಿಲ ಕಡೆ ನೋಡಿದ್ದು. ಯಾರ ಹತ್ತಿರವೂ ಆಡಿರಲಿಲ್ಲ ಇಷ್ಟು ದಿನ. ಕೊನೆಗೆ ಕ್ಯಾಲೆಂಡರ್ ಚಿತ್ರ ತೋರಿಸಿ, "ಇದು ನಾನೇ ಕಣಮ್ಮ" ಎಂದೆ.

ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಎಡಗೆನ್ನೆ, ಬಲಗೆನ್ನೆ, ಕೊರಳ ಎಲುಬು, ಎಲ್ಲ ಒಂದು ಸಲ. ಅಳು ನಿಂತು ನಗು ಬಂತು ಅವಳಿಗೆ. ಸಮಾಧಾನ ಮಾಡಲು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು.

"ಸುಮ್ನಿರ್ರಕ್ಕ" ಎಂದಳು.

ಕಿವಿ ನೋಡು ಎಂದೆ. ನೋಡಲಿಲ್ಲ. ಆಮೇಲೆ ನನ್ನ ಮೇಲೇ ಅವಳಿಗೆ ಅಯ್ಯೋ ಅನ್ನಿಸಿತು. ಕಣ್ಣಲ್ಲಿ ಕಂಡಿತು. ನನ್ನ ಕೈ ಹಿಡಿದುಕೊಂಡು, "ನಿಮ್ಗೂ ಅವ್ರ್ ಥರ ಇರ್ಬೇಕು ಅಂತ ಆಸೆ, ಅಲ್ವಾ ಅಕ್ಕ?" ಎಂದಳು.

ಹೌದು ಅಂದೆ.

"ಅಂಗಾದ್ರೆ ನಂಗೆ ಮಾಡ್ಕೊಡ್ರಿ."

೧೩-೨-೧೯೫೯, ಮಧ್ಯಾಹ್ನ ೩

ನಾಳೆ ಬರುತ್ತಾರೆ. ಅಪ್ಪನಿಗೆ ತಾನು ಹೇಳಿಕೊಳ್ಳುತ್ತೇನೆ ಎಂದಿದ್ದಾಳೆ. ಪ್ರೂಫ್ ನೋಡಿದ ಅಣ್ಣನೂ, "ಹಿಂಗೆ ಕೊಟ್ರೆ ಶೋಕೇಸ್ ನೋಡಿ ಬಂದೋರು ಏನಂತಾರೆ?" ಎಂದ.

ಅಮ್ಮ ಒಳಗೆ ಮಲಗಿದ್ದಾಳೆ, ಗೋಡೆಯ ಕಡೆ ಮುಖ ಮಾಡಿ.

ಗಂಗುಲಮ್ಮನ ನೆಗೆಟಿವ್ ಕಿಂಡಿಯಲ್ಲಿದೆ. ಬಿಳೀ ಮುಖ, ಕರೀ ಹಲ್ಲು. ಇನ್ನೂ ನಗುತ್ತಿದ್ದಾಳೆ. ಹಣೆ ಮುಗಿಯಿತು. ಗದ್ದ ಮುಗಿಯಿತು. ಎಡಗೆನ್ನೆಗೆ ದುಂಡು ಬಂತು. ಕೈ ತಾನೇ ಹೋಗುತ್ತದೆ, ಏನೂ ಯೋಚನೆ ಬೇಡ. ಯಾರ ಹಾಗೆ ಆಗುತ್ತಿದ್ದಾಳೆ ಎಂದು ನನಗೆ ಗೊತ್ತು.

ಕಲೆಯೊಂದು ಉಳಿದಿದೆ. ಅದೊಂದನ್ನು ಬಿಟ್ಟರೆ... ಅವಳ ಗಂಡು ಬಂದಾಗ ಬೆರಳಿಟ್ಟು ತೋರಿಸಲು... ಬಿಡು ಅಂದುಕೊಂಡು ಪೆನ್ಸಿಲ್ ಕೆಳಗಿಟ್ಟೆ. ಇದನ್ನು ಬರೆಯಲು ಕುಳಿತೆ.

ಕಿಟಕಿಯಲ್ಲಿ ಇನ್ನೂ ಬೆಳಕಿದೆ. ಪೆನ್ಸಿಲ್ ಮೊನೆ ಮೊಂಡಾಗಿದೆ. ಚೂಪು ಮಾಡಿಕೊಂಡು ಬಲಗೆನ್ನೆ ಮುಗಿಸುತ್ತೇನೆ.